ಯಾರ ಮುಂದೆ ಕೂತು ಹಾಡುವುದು?

ಬೀದರ ಜಿಲ್ಲೆಯಲ್ಲಿ ಹಾಡುವ ಕೊರಳಿಗೆ ಎಂದೂ ಬರ ಬಂದಿಲ್ಲ. ಔರಾದ ಸೀಮೆಯ ಹಳ್ಳಿಗಳಲ್ಲಿ ಕನ್ನಡದ ತತ್ವಪದವೂ ಮರಾಠಿಯ ಅಭಂಗವೂ ಒಂದೇ ಭಜನೆಯಲ್ಲಿ ಕೂಡುತ್ತವೆ. ಭಾಲ್ಕಿಯಲ್ಲಿ ಮಠದ ಅಂಗಳದ ವಚನ ಗಾಯನ ಕೇಳುತ್ತ ಮಕ್ಕಳು ಬೆಳೆಯುತ್ತಾರೆ. ಬೀದರ ನಗರದಲ್ಲಿ ದರ್ಗಾದ ಕವ್ವಾಲಿ, ನಾನಕ ಝೀರಾ ಗುರುದ್ವಾರದ ಶಬದ ಕೀರ್ತನೆ ಎರಡೂ ಕಿವಿಗೆ ಬೀಳುತ್ತವೆ. ಹೀಗೆ ಕಿವಿ ತುಂಬಿಕೊಂಡು ಬೆಳೆದ ಹುಡುಗನೋ ಹುಡುಗಿಯೋ ಪದವಿ ಮುಗಿಸಿ, ಜೊತೆಜೊತೆಗೆ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಒಂದೆರಡು ಪರೀಕ್ಷೆಗಳನ್ನೂ ದಾಟಿ, ಹಿಂದುಸ್ತಾನಿ ಗಾಯನದಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆ ಎಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ ‘ಯಾವ ಯುನಿವರ್ಸಿಟಿ?’ ಎಂಬುದು. ಎರಡನೆಯದು ‘ಎಷ್ಟು ದೂರ?’, ಮೂರನೆಯದು ‘ಮುಂದೆ ನೌಕರಿ?’. ಮೂರೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಬಹುತೇಕ ಮನೆಗಳಲ್ಲಿ ಏಳುವುದೇ ಇಲ್ಲ: ಈ ಎರಡು ವರ್ಷ ನೀನು ಯಾರ ಮುಂದೆ ಕೂತು ಹಾಡುತ್ತೀ, ವಾರಕ್ಕೆ ಎಷ್ಟು ಹೊತ್ತು ಒಬ್ಬನೇ ಹಾಡುತ್ತೀ? ಇದಕ್ಕೆ ಉತ್ತರ ಸಿಕ್ಕ ಮೇಲೆಯೇ ವಿಶ್ವವಿದ್ಯಾಲಯದ ಹೆಸರು, ದೂರ, ನೌಕರಿ ಇವುಗಳ ತೂಕ ಗೊತ್ತಾಗುತ್ತದೆ ಎಂಬುದು ಈ ಲೇಖನದ ವಾದ.

ಇತಿಹಾಸದಲ್ಲಿ ಎಂ.ಎ. ಮಾಡಿದರೆ ಒಂದು ಹೆಸರಾಂತ ವಿಭಾಗ, ಪುಸ್ತಕಭಂಡಾರ, ಒಳ್ಳೆಯ ಸಹಪಾಠಿಗಳು ಸಿಕ್ಕರೆ ಮುಕ್ಕಾಲು ಕೆಲಸ ಆದಂತೆ. ಪಾಠ ಹೇಳುವವರು ಸಾಧಾರಣವಾಗಿದ್ದರೂ ಓದುವವನು ಓದಿಕೊಳ್ಳುತ್ತಾನೆ. ಗಾಯನದ ಸಂಗತಿ ಹಾಗಲ್ಲ. ತನ್ನ ದನಿ ಹೊರಗೆ ಹೇಗೆ ಕೇಳುತ್ತದೆ ಎಂಬುದು ಹಾಡುವವನಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ತಲೆಬುರುಡೆಯ ಒಳಗಿನಿಂದ ಬರುವ ಸದ್ದು ಅವನ ಕಿವಿಗೆ ಬೇರೆಯೇ ಆಗಿ ಮುಟ್ಟುತ್ತದೆ. ಗಾಂಧಾರ ಒಂದು ಎಳೆ ಕೆಳಗಿದ್ದದ್ದು, ತಾರದ ಷಡ್ಜಕ್ಕೆ ಹೋಗುವಾಗ ದವಡೆ ಬಿಗಿದದ್ದು, ಉಸಿರು ಸಮ್‌ಗೆ ಎರಡು ಮಾತ್ರೆ ಮೊದಲೇ ತೀರಿದ್ದು ಇವೆಲ್ಲ ಎದುರಿಗೆ ಕೂತವರ ಕಿವಿಗೆ, ಕಣ್ಣಿಗೆ ಬೀಳಬೇಕು. ಧ್ವನಿಮುದ್ರಣ ಈ ಕೆಲಸವನ್ನು ಸ್ವಲ್ಪ ಮಾಡುತ್ತದೆ, ತಪ್ಪು ಕೇಳಿಸುತ್ತದೆ, ಆದರೆ ಅದರ ಕಾರಣ ಹೇಳುವುದಿಲ್ಲ. ಹಾಗಾಗಿ ಗಾಯನದ ವಿದ್ಯಾರ್ಥಿಗೆ ಗುರುವಿನ ಕಿವಿ ಎಂಬುದು ಅಲಂಕಾರದ ಮಾತಲ್ಲ, ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಾಲಯ ಹೇಗೋ ಹಾಗೆ ಕಲಿಕೆಯ ಮುಖ್ಯ ಸಲಕರಣೆ.

ಈ ಸಲಕರಣೆ ಎಷ್ಟು ಹೊತ್ತು ಸಿಗುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ವಿಲಂಬಿತ ಏಕತಾಲದ ಒಂದು ಆವರ್ತನ ಇಂದಿನ ರೂಢಿಯಲ್ಲಿ ಮುಕ್ಕಾಲು ನಿಮಿಷದಿಂದ ಒಂದು ನಿಮಿಷದವರೆಗೆ ಹಿಡಿಯುತ್ತದೆ. ಹನ್ನೆರಡು ಜನರಿರುವ ತರಗತಿಗೆ ಒಂದು ಗಂಟೆಯ ಪಾಠವೆಂದರೆ, ತಂಬೂರಿ ಕೂಡಿಸುವ ಹೊತ್ತನ್ನೂ ಹಾಜರಿಯನ್ನೂ ಬಿಟ್ಟು ಲೆಕ್ಕ ಹಾಕಿದರೂ, ತಲೆಗೆ ಐದು ನಿಮಿಷ, ಅಂದರೆ ಐದಾರು ಆವರ್ತನ. ಅಷ್ಟರಲ್ಲಿ ರಾಗದ ಬಾಗಿಲೂ ತೆರೆಯುವುದಿಲ್ಲ. ಎಲ್ಲರೂ ಕೂಡಿ ಹಾಡಿದರೆ ಹೊತ್ತು ಉಳಿಯುತ್ತದೆ ನಿಜ, ಆದರೆ ಆಗ ಶ್ರುತಿಯ ತೊಡಕು ಎದುರಾಗುತ್ತದೆ. ಸಾಮಾನ್ಯವಾಗಿ ಹುಡುಗರ ಷಡ್ಜ ಹಾರ್ಮೋನಿಯಂನ ಕಪ್ಪು ಒಂದು, ಕಪ್ಪು ಎರಡರ ಸುತ್ತ ಇರುತ್ತದೆ, ಹುಡುಗಿಯರದು ಕಪ್ಪು ನಾಲ್ಕು, ಕಪ್ಪು ಐದರ ಸುತ್ತ. ನಡುವೆ ಒಂದು ಪಂಚಮದಷ್ಟು ಅಂತರ. ಒಂದೇ ತಂಬೂರಿಗೆ ಇಬ್ಬರನ್ನೂ ಹಾಡಿಸಿದರೆ ಒಬ್ಬರು ಕಿರುಚಬೇಕು, ಇಲ್ಲವೇ ಇನ್ನೊಬ್ಬರು ಗಂಟಲು ಕುಗ್ಗಿಸಿ ಗೊಣಗಬೇಕು. ಎರಡು ವರ್ಷ ಹೀಗೆ ನಡೆದರೆ ದನಿ ಕೆಡುತ್ತದೆ, ಅಂಕಪಟ್ಟಿಯಲ್ಲಿ ಮಾತ್ರ ಪ್ರಥಮ ದರ್ಜೆ ಬರುತ್ತದೆ. ಈ ಸಾಮಾನ್ಯ ಅಳತೆಯ ಹೊರಗಿರುವ ದನಿಗಳೂ ಇವೆ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ತೊಂದರೆಯ ನಂತರ ಕೆಳಗಿಳಿದು, ಗಂಡುದನಿಯಂಥ ಗಾಂಭೀರ್ಯ ಪಡೆಯಿತು. ತರಗತಿಯ ಸರಾಸರಿ ಶ್ರುತಿಗೆ ಅಂಥ ದನಿಯನ್ನು ಎಳೆದು ಕೂಡಿಸಿದ್ದರೆ ಅದು ಉಳಿಯುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಅವರು ಪಡೆದ ತಾಲೀಮಿನಲ್ಲಿ ಸವಾಯಿ ಗಂಧರ್ವರ ಎದುರಿಗಿದ್ದದ್ದು ಒಬ್ಬ ಶಿಷ್ಯೆಯ ದನಿ, ಅದಕ್ಕೆ ತಕ್ಕ ಶ್ರುತಿ.

ಎರಡು ವರ್ಷದಲ್ಲಿ ಏನಾಗುತ್ತದೆ, ಗಾಯನಕ್ಕೆ ಹನ್ನೆರಡು ವರ್ಷ ಬೇಕು, ಆದ್ದರಿಂದ ಎಂ.ಎ. ಎಲ್ಲಿ ಮಾಡಿದರೂ ಒಂದೇ ಎಂದು ವಾದಿಸುವವರಿದ್ದಾರೆ. ಇದಕ್ಕೆ ನಮ್ಮ ನಾಡಿನಲ್ಲೇ ಉತ್ತರವಿದೆ. ಮಲ್ಲಿಕಾರ್ಜುನ ಮನ್ಸೂರರು ಮಿರಜಿನಲ್ಲಿ ನೀಲಕಂಠಬುವಾ ಅವರಲ್ಲಿ ವರ್ಷಗಟ್ಟಲೆ ಗ್ವಾಲಿಯರ್ ಪದ್ಧತಿಯ ಗಾಯನ ಕಲಿತಿದ್ದರು. ರಂಗಭೂಮಿಯಲ್ಲಿ, ಗ್ರಾಮಫೋನ್ ತಟ್ಟೆಗಳಲ್ಲಿ ಆಗಲೇ ಹೆಸರಾಗಿತ್ತು. ಅದಾದ ಮೇಲೆ ಮುಂಬೈಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಶಿಷ್ಯರಾದರು. ಮಂಜಿಖಾನರು 1937ರಲ್ಲಿ ತೀರಿಕೊಂಡರು. ಅವರ ಹತ್ತಿರ ಸಿಕ್ಕದ್ದು ಒಂದೂವರೆ ಎರಡು ವರ್ಷದ ತಾಲೀಮು, ನಮ್ಮ ಇಂದಿನ ನಾಲ್ಕು ಸೆಮಿಸ್ಟರಿನಷ್ಟೇ ಕಾಲ. ಆ ಅವಧಿಯಲ್ಲಿ ಮನ್ಸೂರರ ಗಾಯನದ ದಿಕ್ಕೇ ತಿರುಗಿತು. ಅದಾದ ಮೇಲೆ ಮಂಜಿಖಾನರ ತಮ್ಮ ಬುರ್ಜಿಖಾನರಲ್ಲಿ ಅವರು ಆ ದಾರಿಯನ್ನೇ ವರ್ಷಗಟ್ಟಲೆ ಮುಂದುವರಿಸಿದರು. ಇದರಿಂದ ಎರಡು ವರ್ಷಕ್ಕೆ ಗಾಯಕ ತಯಾರಾಗುತ್ತಾನೆ ಎಂದು ತಿಳಿಯಬೇಕಿಲ್ಲ. ತಳಪಾಯ ಮೊದಲೇ ಬಿದ್ದಿದ್ದರೆ ಸರಿಯಾದ ಗುರುವಿನ ಎದುರಿನ ಎರಡು ವರ್ಷ ಗಾಯನವನ್ನು ಹೊರಳಿಸಬಲ್ಲದು ಎಂಬುದಷ್ಟೇ ಅದರ ಅರ್ಥ. ಸ್ನಾತಕೋತ್ತರ ಹಂತದ ಸ್ಥಾನವೂ ಸರಿಯಾಗಿ ಅದೇ. ಆರಂಭದ ಪಾಠ ಮುಗಿದಿದೆ, ಗಾಯನಕ್ಕೆ ಇನ್ನೂ ತನ್ನದೆಂಬ ರೂಪ ಬಂದಿಲ್ಲ. ಆ ಹೊತ್ತಿನಲ್ಲಿ ಯಾರ ಕೈಗೆ ಸಿಗುತ್ತೇವೆ ಎಂಬುದನ್ನು ವಿವರಣಪತ್ರಿಕೆಯ ಮೇಲಿನ ಲಾಂಛನ ನೋಡಿ ನಿರ್ಧರಿಸಲಾಗದು.

ಹೆಸರಾಂತ ವಿಭಾಗಕ್ಕೆ ಹೆಸರು ಬಂದದ್ದಾದರೂ ಎಲ್ಲಿಂದ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಶಿಕ್ಷಣಕ್ಕೆ ತೂಕ ಬಂದದ್ದು ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರು ಅಂಥವರು ಅಲ್ಲಿ ಕೂತು ಪಾಠ ಹೇಳಿದ್ದರಿಂದ. ಅವರು ಯಾರೂ ಸಂಗೀತದಲ್ಲಿ ಎಂ.ಎ. ಮಾಡಿದವರಲ್ಲ. ರಾಜಗುರು 1991ರಲ್ಲಿ, ಮನ್ಸೂರ 1992ರಲ್ಲಿ, ಗಂಗೂಬಾಯಿ 2009ರಲ್ಲಿ ತೀರಿಕೊಂಡರು. ಇಂದು ಧಾರವಾಡಕ್ಕೆ ಅರ್ಜಿ ಹಾಕುವವರು ಆ ಹೆಸರುಗಳಿಗೆ ಅರ್ಜಿ ಹಾಕುತ್ತಿಲ್ಲ, ಇಂದು ಆ ಕೋಣೆಯಲ್ಲಿ ಕೂಡುವವರಿಗೆ ಹಾಕುತ್ತಿದ್ದಾರೆ. ಅಲ್ಲಿ ಇಂದೂ ಒಳ್ಳೆಯ ಗುರುಗಳಿರಬಹುದು, ಅದನ್ನು ಹೋಗಿ ಕೇಳಿಯೇ ತಿಳಿಯಬೇಕು. ಬೀದರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. 1472ರಲ್ಲಿ ಮುಗಿದ ಮಹಮೂದ ಗಾವಾನನ ಮದರಸಾ ಊರ ನಡುವೆಯೇ ನಿಂತಿದೆ. ಅದರ ಕೀರ್ತಿ ನೀಲಿ ಹಂಚುಗಳಿಂದಲ್ಲ, ದೂರದೂರದಿಂದ ಕರೆಸಿಕೊಂಡ ವಿದ್ವಾಂಸರಿಂದ ಮತ್ತು ಸುಮಾರು 3000 ಹಸ್ತಪ್ರತಿಗಳಿಂದ ಬಂದದ್ದು. ಇಂದು ಗೋಡೆ, ಮಿನಾರು ನೋಡಲು ಜನ ಬರುತ್ತಾರೆ, ಕಲಿಯಲು ಯಾರೂ ಬರುವುದಿಲ್ಲ. ಭಾಲ್ಕಿಯ ಕಥೆ ಇದರ ಇನ್ನೊಂದು ಮಗ್ಗುಲು. ನಿಜಾಮನ ಆಳ್ವಿಕೆಯಲ್ಲಿ ಅಲ್ಲಿನ ಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕ ಯಾವುದೇ ಇರಲಿ, ಒಳಗಿನ ಪಾಠ ಯಾವುದೆಂದು ನೋಡಿ ಮಕ್ಕಳನ್ನು ಕಳಿಸಿದ ತಂದೆತಾಯಿಗಳಿಂದ ಈ ಗಡಿಯಲ್ಲಿ ಕನ್ನಡ ಉಳಿಯಿತು. ಗಾಯನಕ್ಕೆ ಮಗುವನ್ನು ಕಳಿಸುವಾಗಲೂ ಅದೇ ಎಚ್ಚರ ಬೇಕು.

ಇನ್ನು ದೂರದ ಪ್ರಶ್ನೆ. ನಕಾಶೆ ಹಿಡಿದು ನೋಡಿದರೆ ಬೀದರಿನ ಸ್ಥಿತಿ ವಿಚಿತ್ರ. ಕಲಬುರಗಿ 110 ಕಿಲೋಮೀಟರಿನ ಆಸುಪಾಸಿನಲ್ಲಿದೆ, 2017ರಲ್ಲಿ ರೈಲು ಮಾರ್ಗ ಶುರುವಾದ ಮೇಲೆ ಇನ್ನಷ್ಟು ಹತ್ತಿರವಾಗಿದೆ. ಧಾರವಾಡ 400 ಕಿಲೋಮೀಟರಿಗೂ ಆಚೆ, ಪುಣೆಯೂ ಹೆಚ್ಚುಕಡಿಮೆ ಅಷ್ಟೇ. ಸಂಗೀತಕ್ಕೆಂದೇ ಇರುವ ರಾಜ್ಯದ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ರಾಜ್ಯದ ಇನ್ನೊಂದು ತುದಿಯ ಮೈಸೂರಿನಲ್ಲಿದೆ. ಔರಾದಿನವರಿಗಂತೂ ನಾಂದೇಡ ಈ ಎಲ್ಲಕ್ಕಿಂತ ಹೆಚ್ಚು ಪರಿಚಿತ ಊರು. ಮೈಸೂರಿನ ಸುತ್ತಲಿನ ಗಾಳಿ ಕರ್ನಾಟಕ ಸಂಗೀತದ್ದು. ಅಲ್ಲಿ ಹಿಂದುಸ್ತಾನಿ ಕಲಿಯಬಹುದು, ಆದರೆ ತರಗತಿ ಮುಗಿದ ಮೇಲೆ ಸಂಜೆ ಕೇಳಲು ಸಿಗುವ ಕಚೇರಿ ಬಹುಪಾಲು ಬೇರೆ ಪದ್ಧತಿಯದು. ಬೀದರಿನ ಕಿವಿ ದಖನಿ ಉರ್ದು, ಮರಾಠಿ ಎರಡನ್ನೂ ಮನೆಯಲ್ಲೇ ಕೇಳಿದ್ದು. ಖಯಾಲಿನ ಬಂದಿಶುಗಳ ಬ್ರಜ, ಹಿಂದಿ ಮಾತುಗಳು ಅದಕ್ಕೆ ಪರಕೀಯವಲ್ಲ. ದಕ್ಷಿಣದ ವಿದ್ಯಾರ್ಥಿ ವರ್ಷಗಟ್ಟಲೆ ತಿದ್ದಿಕೊಳ್ಳಬೇಕಾದ ಉಚ್ಚಾರ ಭಾಲ್ಕಿಯ ಹುಡುಗಿಗೆ ಬಾಯಲ್ಲೇ ಇರುತ್ತದೆ. ಧಾರವಾಡ, ಪುಣೆಗಳಂಥ ಊರಿನಲ್ಲಿ ಈ ಬಂಡವಾಳಕ್ಕೆ ಬೆಲೆ ಬರುತ್ತದೆ. ಇದರ ಜೊತೆಗೆ ರಾಜ್ಯದ ಗಡಿ ದಾಟಿದರೆ ಕಳೆದುಕೊಳ್ಳುವುದೂ ಒಂದಿದೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟು ಮೀಸಲಿವೆ. ಆ ಆಸರೆ ಮಹಾರಾಷ್ಟ್ರದಲ್ಲಿ ಇಲ್ಲ. ಹೀಗೆ ತೂಗಿ ನೋಡಬೇಕಾದದ್ದು ಬಹಳವಿದೆ, ಆದರೆ ತೂಗುವ ಕಲ್ಲು ಗುರುವೇ ಆಗಿರಲಿ. ಕಲಬುರಗಿಯಲ್ಲಿ ದಿನಾ ಎದುರಿಗೆ ಕೂಡ್ರಿಸಿಕೊಳ್ಳುವ ಗುರು ಸಿಕ್ಕರೆ ಪುಣೆಯ ಹೆಸರಿಗಾಗಿ ಹೋಗಬೇಕಿಲ್ಲ. ಗುರುವನ್ನು ಹುಡುಕುತ್ತ ಎಳೆಯ ವಯಸ್ಸಿನಲ್ಲೇ ಗದಗಿನ ಮನೆ ಬಿಟ್ಟ ಭೀಮಸೇನ ಜೋಶಿ ಗ್ವಾಲಿಯರ್, ಕಲಕತ್ತಾ, ಜಲಂಧರವನ್ನೆಲ್ಲ ಸುತ್ತಿ, ಕೊನೆಗೆ 1936ರಲ್ಲಿ ಬಂದು ನಿಂತದ್ದು ತನ್ನೂರಿನ ಮಗ್ಗುಲಿನ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಹಾಗೆಂದು ಆ ಸುತ್ತಾಟ ವ್ಯರ್ಥವಾಗಲಿಲ್ಲ. ಏನು ಬೇಕು ಎಂಬುದು ಅವರ ಕಿವಿಗೆ ತಿಳಿದದ್ದು ಅಷ್ಟು ಕೇಳಿದ್ದರಿಂದಲೇ.

ನೌಕರಿಯ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರಾಗಿ ತಳ್ಳಿಹಾಕುವುದು ಉಳ್ಳವರ ಮಾತಾಗುತ್ತದೆ. ಎರಡು ಎಕರೆ ತೊಗರಿ ಹೊಲದ ಮೇಲೆ ನಡೆಯುವ ಮನೆ ಮಗನನ್ನು ಎಂ.ಎ.ಗೆ ಕಳಿಸುವಾಗ ಸಂಬಳದ ಆಸೆ ಇಟ್ಟುಕೊಂಡರೆ ಅದರಲ್ಲಿ ತಪ್ಪೇನಿದೆ? ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಶೇ. 55 ಅಂಕದ ಸ್ನಾತಕೋತ್ತರ ಪದವಿ, ಅದರ ಮೇಲೆ ಎನ್‌ಇಟಿಯೋ ಕೆ-ಸೆಟ್ಟೋ ಪಿಎಚ್.ಡಿ.ಯೋ ಬೇಕು. ಆದ್ದರಿಂದ ಪದವಿ ಕೊಡುವ ಸಂಸ್ಥೆ ಯುಜಿಸಿ ಮಾನ್ಯತೆ ಪಡೆದಿದೆಯೇ ಎಂದು ನೋಡಲೇಬೇಕು. ಅದು ಹೊಸ್ತಿಲು, ದಾಟದೆ ಒಳಗೆ ಹೋಗುವಂತಿಲ್ಲ. ಆದರೆ ಮಾನ್ಯತೆ ಇರುವ ವಿಶ್ವವಿದ್ಯಾಲಯಗಳೆಲ್ಲ ಈ ಹೊಸ್ತಿಲಲ್ಲಿ ಸಮ. ಧಾರವಾಡದ ಶೇ. 60ಕ್ಕೂ ಇನ್ನೊಂದೂರಿನ ಶೇ. 60ಕ್ಕೂ ಅರ್ಜಿಯ ಮೇಲೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಆಯ್ಕೆ ಸಮಿತಿಯ ಮುಂದೆ ಹಾಡಬೇಕಾದಾಗ, ಆಕಾಶವಾಣಿಯ ಧ್ವನಿಪರೀಕ್ಷೆಗೆ ಕೂತಾಗ. ಯುಜಿಸಿಯ 2018ರ ನಿಯಮಗಳೇ ಸಂಗೀತದ ಅಧ್ಯಾಪಕರ ನೇಮಕಕ್ಕೆ ಕಲಾವಿದರಿಗೆ ಇನ್ನೊಂದು ದಾರಿ ತೆರೆದಿಟ್ಟಿವೆ. ಹೆಸರಾಂತ ಗುರುವಿನ ಬಳಿ ಕಲಿತಿರುವುದು, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ದರ್ಜೆ ಕಲಾವಿದರಾಗಿರುವುದು ಆ ದಾರಿಯ ಅರ್ಹತೆಗಳಲ್ಲಿ ಸೇರಿವೆ. ಖಾಸಗಿ ಪಾಠ, ಶಾಲೆಯ ಸಂಗೀತ ಮೇಷ್ಟರ ಕೆಲಸ, ಕಾರ್ಯಕ್ರಮ ಇವು ಕೂಡ ದನಿಯ ಮೇಲೆ ನಿಂತ ಸಂಪಾದನೆಗಳು. ನೌಕರಿಯನ್ನೇ ಗುರಿಯಾಗಿ ಇಟ್ಟುಕೊಂಡವನಿಗೂ ಒಳ್ಳೆಯ ಗುರುವಿನ ಆಯ್ಕೆ ನಷ್ಟದ ಬಾಬ್ತಲ್ಲ.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೊಂದಿದೆ. ಗುರುವೇ ಮುಖ್ಯವಾದರೆ ವಿಶ್ವವಿದ್ಯಾಲಯ ಯಾಕೆ ಬೇಕು, ನೇರವಾಗಿ ಗುರುಮನೆಗೇ ಹೋಗಬಹುದಲ್ಲ? ಗದಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳ ಕಾಲದಿಂದ ಅಂಧರಿಗೂ ಬಡವರಿಗೂ ಅನ್ನ ಹಾಕಿ ಸಂಗೀತ ಕಲಿಸಿದೆ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲವಿದೆ, ಕೋಲ್ಕತ್ತದಲ್ಲಿ ಐಟಿಸಿ ಸಂಗೀತ ರಿಸರ್ಚ್ ಅಕಾಡೆಮಿ ಇದೆ. ಅಲ್ಲಿ ಜಾಗ ಸಿಕ್ಕವರು ಭಾಗ್ಯವಂತರು, ಹೋಗಲಿ. ಆದರೆ ಎಲ್ಲ ಗುರುಮನೆಗಳೂ ಒಂದೇ ರೀತಿ ಇರುವುದಿಲ್ಲ. ಗುರುವಿನ ಮಾತೇ ಕಡೆಯ ಮಾತಾಗಿರುವ ಕಡೆ ಶಿಷ್ಯನಿಗೆ, ಅದಕ್ಕಿಂತ ಹೆಚ್ಚಾಗಿ ಶಿಷ್ಯೆಗೆ, ಅನ್ಯಾಯವಾದರೆ ಹೇಳಿಕೊಳ್ಳಲು ಜಾಗವಿರುವುದಿಲ್ಲ. ಜಾತಿ, ಹಣ, ಲಿಂಗ ಇವು ತಾಲೀಮಿನ ಕೋಣೆಯ ಹೊರಗೇ ನಿಂತುಬಿಡುತ್ತವೆ ಎಂದು ನಂಬುವುದು ಗುರುಭಕ್ತಿಯಲ್ಲ, ಅಜಾಗರೂಕತೆ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರೂ, 1926ರಲ್ಲಿ ಲಖನೌದ ಸಂಗೀತ ಕಾಲೇಜಿನ ಹಿಂದೆ ನಿಂತ ಭಾತಖಂಡೆಯವರೂ ಸಂಗೀತವನ್ನು ಕೆಲವೇ ಮನೆತನಗಳ ಒಳಗಿನಿಂದ ಹೊರತಂದು ಸಾಮಾನ್ಯರ ಮಕ್ಕಳಿಗೆ ಸಿಗುವಂತೆ ಮಾಡಲು ಹೊರಟದ್ದು ಇದೇ ಕಾರಣಕ್ಕೆ. ವಿಶ್ವವಿದ್ಯಾಲಯದಲ್ಲಿ ಪ್ರವೇಶಕ್ಕೆ ನಿಯಮವಿದೆ, ಮೀಸಲಾತಿಯಿದೆ, ವೇಳಾಪಟ್ಟಿಯಿದೆ. 2013ರ ಕಾನೂನಿನ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಗುರು ಸರಿಯಿಲ್ಲದಿದ್ದರೆ ಇನ್ನೊಬ್ಬರನ್ನು ಕೇಳಿ ಪಡೆಯುವ ಅವಕಾಶವಿದೆ. ಆದ್ದರಿಂದ ನನ್ನ ವಾದ ವಿಶ್ವವಿದ್ಯಾಲಯದ ವಿರುದ್ಧವಲ್ಲ. ಆ ರಕ್ಷಣೆಯ ಒಳಗೇ ಗುರುವನ್ನು ಹುಡುಕಬೇಕು. ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ‘ಗುರುಕುಲ’ ಎಂಬ ಪದವನ್ನು ತನ್ನ ಹೆಸರಿಗೇ ಹಚ್ಚಿಕೊಂಡು ಪದವಿಯ ಚೌಕಟ್ಟಿನಲ್ಲಿ ಗುರುವಿನ ಪಾಠವನ್ನು ಕೂಡಿಸಲು ಹೊರಟದ್ದು ಈ ದಿಕ್ಕಿನ ಪ್ರಯತ್ನವೇ.

ಹಾಗಾದರೆ ನೋಡಬೇಕಾದದ್ದು ಏನು? ಪಾಶ್ಚಾತ್ಯ ಗಾಯನದಲ್ಲಿ ಸ್ನಾತಕೋತ್ತರ ಪದವಿಗೆ ಹೋಗುವ ಅಮೆರಿಕದ ವಿದ್ಯಾರ್ಥಿಗಳಲ್ಲಿ ಒಂದು ರೂಢಿ ಇದೆ: ಅರ್ಜಿ ಹಾಕುವ ಮುಂಚೆಯೇ, ಇಲ್ಲವೇ ಸೀಟು ಒಪ್ಪಿಕೊಳ್ಳುವ ಮುಂಚೆ, ಆ ಶಿಕ್ಷಕರ ಹತ್ತಿರ ಒಂದು ಪಾಠ ಹೇಳಿಸಿಕೊಂಡು ನೋಡುವುದು. ಶಿಕ್ಷಕರು ವಿದ್ಯಾರ್ಥಿಯನ್ನು ಪರೀಕ್ಷಿಸುವಂತೆ ವಿದ್ಯಾರ್ಥಿಯೂ ಶಿಕ್ಷಕರನ್ನು ನೋಡುತ್ತಾನೆ, ಇಬ್ಬರಿಗೂ ಅದರಲ್ಲಿ ಅಗೌರವ ಕಾಣುವುದಿಲ್ಲ. ಅಲ್ಲಿನ ಶುಲ್ಕ, ಅಲ್ಲಿನ ಸಂಗೀತ ಎರಡೂ ನಮಗೆ ದೂರದವು, ಆದರೆ ಈ ಒಂದು ಪದ್ಧತಿಯನ್ನು ನಾವು ತೆಗೆದುಕೊಳ್ಳಬಹುದು. ಗುರುವನ್ನು ಪರೀಕ್ಷಿಸುವುದೇ ಎಂದು ನಮ್ಮಲ್ಲಿ ಹಿರಿಯರು ಹುಬ್ಬು ಗಂಟಿಕ್ಕಬಹುದು. ನಮ್ಮ ಪರಂಪರೆಯಲ್ಲೂ ಗುರುವಿನಿಂದ ಗಂಡಾ ದಾರ ಕಟ್ಟಿಸಿಕೊಂಡು ಶಿಷ್ಯನಾಗುವ ಮೊದಲು ಶಿಷ್ಯ ಎಷ್ಟೋ ದಿನ ಬಂದು ಕೂತು ಕೇಳುತ್ತಿದ್ದ, ಗುರುವೂ ಎಷ್ಟೋ ದಿನ ಅವನನ್ನು ನೋಡುತ್ತಿದ್ದ. ಪ್ರವೇಶದ ಅರ್ಜಿ ಆನ್‌ಲೈನ್ ಆದ ಮೇಲೆ ಆ ಪರಿಚಯದ ದಿನಗಳು ಮಾಯವಾದವು ಅಷ್ಟೇ. ಅವನ್ನು ಮರಳಿ ಪಡೆಯಬೇಕೆಂದರೆ ಎರಡು ದಿನದ ಪ್ರಯಾಣ, ಒಂದು ರಾತ್ರಿಯ ವಸತಿ ಸಾಕು. ಆ ಖರ್ಚೂ ಆಗದವರಿಗೆ ಫೋನಿನಲ್ಲಿ ಈಗಿನ ವಿದ್ಯಾರ್ಥಿಗಳನ್ನು ಮಾತಾಡಿಸುವ ದಾರಿ ಇದೆ. ಕೇಳಬೇಕಾದದ್ದೂ ಬಹಳವಿಲ್ಲ. ಕಳೆದ ವಾರ ನೀನು ಒಬ್ಬಳೇ ಎಷ್ಟು ಹೊತ್ತು ಹಾಡಿದೆ? ಗುರುಗಳು ತಿಂಗಳಿಗೆ ಎಷ್ಟು ದಿನ ಊರಲ್ಲಿರುತ್ತಾರೆ? ತಬಲಾ ಸಾಥಿ ಸಿಗುತ್ತದೆಯೇ, ಇಲ್ಲಾ ಮೊಬೈಲಿನ ತಬಲಾವೇ? ಬೆಳಗಿನ ಐದಕ್ಕೆ ಕೆಳದನಿಯ ಖರಜದ ಸಾಧನೆ ಮಾಡಲು ವಸತಿನಿಲಯದಲ್ಲಿ ಬಿಡುತ್ತಾರೆಯೇ, ವಿಭಾಗದ ಕೋಣೆಯ ಕೀಲಿ ಕೊಡುತ್ತಾರೆಯೇ? ಈ ಕಡೆಯ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಆದರೆ ನಾಲ್ಕು ಜನರ ಕೋಣೆಯಲ್ಲಿ ಉಳಿದ ಮೂವರ ನಿದ್ದೆ ಕೆಡದಂತೆ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದು ಎಂ.ಎ. ಗಾಯನ ಮುಗಿಸುವುದು ಹೇಗೆ?

ಹೆಣ್ಣುಮಕ್ಕಳ ತಂದೆತಾಯಿಗಳ ಭಯ ಬೇರೆ, ಅದಕ್ಕೆ ಗೌರವ ಕೊಟ್ಟೇ ಉತ್ತರ ಹೇಳಬೇಕು. ದೂರಕ್ಕೆ ಕಳಿಸಲು ಮನಸ್ಸಿಲ್ಲ ಎಂದು ಹತ್ತಿರದ, ಆದರೆ ಎದುರಿಗೆ ಕೂಡ್ರಿಸಿಕೊಂಡು ಕಲಿಸದ ಜಾಗಕ್ಕೆ ಸೇರಿಸಿದರೆ ಆ ಹುಡುಗಿಯ ದನಿಗೆ ಎರಡು ವರ್ಷದ ನಷ್ಟ. ತಂದೆಯೋ ಅಣ್ಣನೋ ಜೊತೆಗೆ ಹೋಗಿ, ವಿಭಾಗ ನೋಡಿ, ವಸತಿನಿಲಯ ನೋಡಿ, ಅಲ್ಲಿ ಕಲಿಯುವ ಹುಡುಗಿಯರನ್ನು ಮಾತಾಡಿಸಿ ಬಂದರೆ ಭಯಕ್ಕೂ ಗುರುವಿನ ಹುಡುಕಾಟಕ್ಕೂ ಒಂದೇ ಪ್ರಯಾಣ ಆಗುತ್ತದೆ. ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ಬೀದರ ವಿಶ್ವವಿದ್ಯಾಲಯ ಈಗಷ್ಟೇ ಕಣ್ಣು ಬಿಡುತ್ತಿದೆ. ಮುಂದೆ ಅಲ್ಲಿ ಗಾಯನದ ತರಗತಿ ನಡೆಯುವುದಾದರೆ ವಿವರಣಪತ್ರಿಕೆಯಲ್ಲಿ ಗುರುವಿನ ಹೆಸರನ್ನೂ ವಾರಕ್ಕೆ ಪ್ರತಿ ವಿದ್ಯಾರ್ಥಿಗೆ ಸಿಗುವ ಏಕಾಂತ ಪಾಠದ ನಿಮಿಷಗಳನ್ನೂ ಅಚ್ಚು ಹಾಕಿಸಲಿ. ಅಲ್ಲಿಯವರೆಗೆ ಈ ಲೆಕ್ಕವನ್ನು ವಿದ್ಯಾರ್ಥಿಯೇ ಹೋಗಿ ಕೇಳಿ ತಿಳಿಯಬೇಕು. ಔರಾದಿನ ಹುಡುಗಿ ಹಾಗೆ ಹೋಗಿ ಕೂತಾಗ ತನಗೆ ಬಾಯಿಪಾಠವಾಗಿರುವ ಪರೀಕ್ಷೆಯ ರಾಗವನ್ನು ಮಾತ್ರ ಹಾಡದೆ, ತನ್ನೂರಿನ ಒಂದು ಅಭಂಗವನ್ನೂ ಹಾಡಲಿ, ಅದರಲ್ಲಿ ಅವಳ ನಿಜವಾದ ದನಿ ಇರುತ್ತದೆ. ಎದುರಿಗೆ ಕೂತವರು ಪೂರ್ತಿ ಕೇಳುತ್ತಾರೋ, ನಡುವೆ ಫೋನು ನೋಡುತ್ತಾರೋ ಗಮನಿಸಲಿ. ಕೇಳಿದ ಮೇಲೆ ಅವರ ಮೊದಲ ಪ್ರಶ್ನೆ ‘ಎಷ್ಟು ರಾಗ ಬರುತ್ತವೆ?’ ಎಂದೋ, ‘ಯಾವ ಶ್ರುತಿಯಲ್ಲಿ ಹಾಡುತ್ತೀಯಮ್ಮ, ಇದು ನಿನಗೆ ಒಂದು ಮನೆ ಮೇಲಾಯಿತಲ್ಲ?’ ಎಂದೋ, ಅದನ್ನೂ ಮನಸ್ಸಿನಲ್ಲಿ ಬರೆದುಕೊಂಡು ಊರಿಗೆ ಬರಲಿ.